ಎಮ್ಮೆಗೊಂದು ಪ್ರಮಾಣಪತ್ರ

೩೦ ನವೆಂಬರ್ ೧೯೯೮, ಸೋಮವಾರ

ಸರ್ಕಾರಕ್ಕೆ ಒಪ್ಪಿಸುವ ಟೂರ್ ಡೈರಿಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಹೋಗದ ಊರಿಗೆ ಹೋಗಿದ್ದೇನೆ, ನಡೆಯದ ಸಭೆ ನಡೆಸಿದ್ದೇನೆ. ಆ ಪಾಪ ತೊಳೆಯಲು ಈ ನೋಟ್‌ಬುಕ್ಕು. ರಾಣೆಬೆನ್ನೂರಿನ ಕೃಷಿ ಸಹಾಯಕ ಹಜರತಅಲಿ ಇದರಲ್ಲಿ ಮಾತ್ರ ಸುಳ್ಳು ಬರೆಯುವುದಿಲ್ಲ. ಮನೆಯಲ್ಲಿ ಆಡುವುದು ಉರ್ದು, ಬರೆದು ರೂಢಿಯಾದದ್ದು ಕನ್ನಡ. ಹೀಗಾಗಿ ಮನೆಯವರ ಮಾತೂ ಇಲ್ಲಿ ಕನ್ನಡವಾಗಿಯೇ ಬರುತ್ತದೆ.

ಹಾವೇರಿ ಕಚೇರಿಯಿಂದ ಇವತ್ತು ಸುತ್ತೋಲೆ ಬಂತು. ಹೊಸ ಹತ್ತಿಯ ಬಗ್ಗೆ ಜನ ಗಾಬರಿಯಾಗಿದ್ದಾರೆ, ಹಳ್ಳಿಗಳಲ್ಲಿ ಸಭೆ ಮಾಡಿ ತಿಳಿವಳಿಕೆ ಕೊಡಿ ಎಂದು ಹುಕುಂ. ತಿಳಿವಳಿಕೆ ಎಂದು ಒಂದು ಹಾಳೆಯನ್ನೂ ಲಗತ್ತಿಸಿದ್ದಾರೆ. ನಮಗೆ ಬಂದದ್ದು ಐದನೆಯ ಕಾರ್ಬನ್ ಪ್ರತಿಯಿರಬೇಕು, ಕೆಳಗಿನ ಮೂರು ಸಾಲು ಓದಲು ಬರುವುದಿಲ್ಲ.

ನನ್ನ ಸರ್ಕಲ್ಲಿನ ಹುಣಸಿಕೊಪ್ಪದಲ್ಲಿ ಸೋಮಣ್ಣ ಎಂಬ ರೈತ ಒಂದು ಎಕರೆಯಲ್ಲಿ ಕಂಪನಿಯವರ ಪ್ರಯೋಗದ ಹತ್ತಿ ಹಾಕಿದ್ದಾನೆ. ಕಾಯಿಕೊರಕ ಹುಳ ತಿಂದರೆ ಸಾಯುವಂಥ ಗುಣವನ್ನು ಬೀಜದೊಳಗೇ ಕೂರಿಸಿದ ಹತ್ತಿ. ಪೇಪರಿನಲ್ಲಿ ಅದೇನೋ ಟರ್ಮಿನೇಟರ್ ಬೀಜ ಎಂದು ಬಂದದ್ದೇ ತಡ, ಜನ ಎರಡನ್ನೂ ಕಲಸಿಬಿಟ್ಟಿದ್ದಾರೆ. ಇದರ ಬೀಜ ಹುಟ್ಟುವುದಿಲ್ಲವಂತೆ, ಬದುವಿನಾಚೆಯ ಹೊಲದ ಬೀಜವೂ ಹುಟ್ಟುವುದಿಲ್ಲವಂತೆ, ಇದರ ಹತ್ತಿಕಾಳು ತಿಂದ ಎಮ್ಮೆ ಗಬ್ಬಾಗುವುದಿಲ್ಲವಂತೆ, ಆ ಎಮ್ಮೆಯ ಹಾಲು ಕುಡಿದ ಹೆಂಗಸು ಬಂಜೆಯಾಗುತ್ತಾಳಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಸರಿಯಾಗಿ ತಿಳಿಸಿ ಹೇಳುವವರು ಇಲ್ಲ, ಅಷ್ಟೇ. ನಾಳೆ ನಾನು ಹೋಗುತ್ತಿದ್ದೇನೆ.

ಮಗಳು ಜಾಹೀದಾಳ ಲಗ್ನ ಜನವರಿ ಮೂವತ್ತೊಂದಕ್ಕೆ ಎಂದು ನಿಶ್ಚಯವಾಗಿದೆ. ಗಂಡು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಯೂಸುಫಸಾಬರ ಮಗ ಮೆಹಬೂಬ. ಕೈತುಂಬ ಕೆಲಸವಿರುವಾಗಲೇ ಈ ಹತ್ತಿ ಗಂಟುಬಿದ್ದಿದೆ.

೧ ಡಿಸೆಂಬರ್, ಮಂಗಳವಾರ

ಇವತ್ತು ಸಭೆ ನಿಜವಾಗಿಯೂ ನಡೆಯಿತು. ಟೂರ್ ಡೈರಿಯಲ್ಲಿ ಬರೆಯುವಾಗ ನನಗೇ ವಿಚಿತ್ರ ಅನಿಸಿತು.

ಪಂಚಾಯ್ತಿ ಕಟ್ಟೆಯ ತುಂಬ ಜನ. ನಾನು ಅರ್ಧ ತಾಸು ಮಾತಾಡಿದೆ. ಮುಗಿದ ಮೇಲೆ ಫಕ್ಕೀರವ್ವ ಎದ್ದು ನಿಂತಳು. ಇವಳು ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡುವ ಹೆಂಗಸರ ಗುಂಪಿಗೆ ಹಿರಿಯಳು. ಗಂಡು ಸಾಲಿನ ಹೂವಿನ ಪುಡಿಯನ್ನು ಹೆಣ್ಣು ಸಾಲಿನ ಹೂವಿಗೆ ಒಂದೊಂದಾಗಿ ಸವರುವುದು ಅವರ ಕೆಲಸ. ನಮ್ಮ ಸೀಮೆಯ ಹೈಬ್ರಿಡ್ ಬೀಜವೆಲ್ಲ ಇಂಥವರ ಬೆರಳಿನಲ್ಲೇ ಹುಟ್ಟುವುದು.

"ಸಾಹೇಬ್ರ, ಇಪ್ಪತ್ತು ವರ್ಷ ಆತು ನಾನು ಹೂವಿಗೆ ಲಗ್ನಾ ಮಾಡಾಕತ್ತು. ಈ ಸೋಮಣ್ಣನ ಹತ್ತಿಗೆ ಲಗ್ನಾ ಮಾಡಿದವರು ಯಾರು?"

"ವಿಜ್ಞಾನಿಗಳು. ಪ್ರಯೋಗಶಾಲೆಯೊಳಗ."

"ಯಾವುದರ ಜೋಡಿ?"

"ಮಣ್ಣಾಗಿರೋ ಒಂದು ಬ್ಯಾಕ್ಟೀರಿಯಾ ಜೋಡಿ."

"ಅಂದ್ರ?"

ಸರಳವಾಗಿ ಹೇಳಬೇಕು ಎಂದು ನಮಗೆ ತರಬೇತಿಯಲ್ಲಿ ಕಲಿಸಿದ್ದಾರೆ. "ಅಂದ್ರ ಕಣ್ಣಿಗೆ ಕಾಣದ ಹುಳ ಅಂತ ತಿಳಕೋ," ಎಂದೆ. ಅಲ್ಲಿಗೆ ಸಭೆ ಕೈಬಿಟ್ಟು ಹೋಯಿತು. ಹತ್ತಿಗೆ ಹುಳದ ಜೋಡಿ ಲಗ್ನ ಮಾಡ್ಯಾರಂತ ಎಂದು ಕಟ್ಟೆಯ ಈ ತುದಿಯಿಂದ ಆ ತುದಿಗೆ ಮಾತು ಓಡಿತು.

ನಾನೂ ಬಿಡಲಿಲ್ಲ. ಬೀಜ ಹುಟ್ಟಂಗಿಲ್ಲ ಅಂತ ಅಂಜತೀರಲ್ಲ, ಹೈಬ್ರಿಡ್ ಬಂದಾಗಿಂದ ಮನೆಯ ಬೀಜ ಬಿತ್ತಿದವರು ಯಾರಿದ್ದೀರಿ, ಕೈ ಎತ್ತಿ ಎಂದೆ. ಒಂದು ಕೈಯೂ ಏಳಲಿಲ್ಲ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಗುಡದಪ್ಪಜ್ಜ ಕೂತಲ್ಲಿಂದಲೇ ಹೇಳಿದ, "ಅದು ನಾವು ಬಿಟ್ಟದ್ರಿ. ಇದು ಬಿಡಸೂದು."

ಫಕ್ಕೀರವ್ವ ಮತ್ತೆ ಶುರುಮಾಡಿದಳು. "ಅದೆಲ್ಲಾ ಇರ್ಲಿ. ಈ ಹತ್ತಿಕಾಳು ತಿಂದ ಎಮ್ಮಿ ಹಾಲು ನೀವು ಕುಡೀತೀರೇನು?"

"ಕುಡೀತೀನಿ."

"ಮನಿ ಮಂದಿಗೆ?"

"ಹತ್ತು ದಿನ ನನ್ನ ಮಗಳಿಗೂ ಕುಡಸ್ತೀನಿ. ಇದ ಕಟ್ಟಿ ಮ್ಯಾಲೆ ನಿಂತು ಹೇಳಾಕತ್ತೇನಿ."

ಪ್ರಯೋಗದ ಕಾಳು ಯಾರಿಗೂ ಕೊಡಬಾರದು ಎಂದು ಕಂಪನಿಯವರು ಸೋಮಣ್ಣನಿಗೆ ಹೇಳಿದ್ದಾರಂತೆ. ಒಂದು ಚೀಲಕ್ಕೆ ಏನಾಗುತ್ತದೆ ಎಂದು ನಾನು ಗದರಿಸಿದೆ. ಸೋಮಣ್ಣ ಫಕ್ಕೀರವ್ವನ ಮುಖ ನೋಡಿದ. ಆಮೇಲೆ "ನಾಳೆ ನಾನ ಮನಿಗೆ ಮುಟ್ಟಸ್ತೀನ್ರಿ" ಎಂದ. ಪುರಾವೆ ಎಂದರೆ ಹೀಗಿರಬೇಕು. ಬರುವಾಗ ಎದೆ ಹಗುರಾಗಿತ್ತು.

೨ ಡಿಸೆಂಬರ್, ಬುಧವಾರ

ಸೋಮಣ್ಣ ಸೈಕಲ್ಲಿನ ಮೇಲೆ ಚೀಲ ತಂದು ಇಳಿಸಿ ಹೋದ. ಚಹಾಕ್ಕೂ ನಿಲ್ಲಲಿಲ್ಲ.

ಹೆಂಡತಿ ಜುಬೇದಾ ನಮ್ಮ ಎಮ್ಮೆಗೂ ಚೀಲಕ್ಕೂ ನಡುವೆ ನಿಂತುಬಿಟ್ಟಳು. "ಹಾಲು ಕುಡದ ಮಕ್ಕಳ ಬದಕೂದು ಕಷ್ಟ, ನೀವು ಹುಳದ ಹಾಲು ಕುಡಸಾಕ ಹೊಂಟೀರಿ. ಮನ್ಯಾಗ ಲಗ್ನದ ಹುಡಿಗಿ ಅದಾಳ ಅಂತ ಖಬರ ಐತೇನು?" ಹೆಂಡತಿಯನ್ನು ಒಪ್ಪಿಸುವ ಸುತ್ತೋಲೆಯನ್ನು ಇಲಾಖೆ ಇನ್ನೂ ಹೊರಡಿಸಿಲ್ಲ.

ಬಗೆಹರಿಸಿದವಳು ಜಾಹೀದಾ. "ಅಮ್ಮಾ, ಆಚೆ ಸರಿ. ಅಬ್ಬಾ ಹೇಳ್ಯಾರ ಅಂದ್ರ ಓದಿ, ತಿಳಕೊಂಡ ಹೇಳಿರ್ತಾರ," ಎಂದು ತಾನೇ ಕಾಳು ನೆನೆಹಾಕಿದಳು. ಅವಳು ಬಿ.ಎಸ್ಸಿ. ಮುಗಿಸಿದವಳು. ನಾನು ಓದಿದ್ದು ಒಂದು ಹಾಳೆ, ಅದರಲ್ಲೂ ಮೂರು ಸಾಲು ಕಡಿಮೆ ಎಂದು ಆಗ ಹೇಳಬಹುದಿತ್ತು. ಅಷ್ಟು ನಂಬಿಗೆಯಿಂದ ನೋಡುತ್ತಿದ್ದಳು, ಹೇಳಲು ಮನಸ್ಸಾಗಲಿಲ್ಲ.

೬ ಡಿಸೆಂಬರ್, ಭಾನುವಾರ

ಎಮ್ಮೆ ಚೆನ್ನಾಗಿ ತಿನ್ನುತ್ತಿದೆ. ಹಾಲಿನ ಮೇಲೆ ಕೆನೆ ದಪ್ಪ. ಜಾಹೀದಾ ದಿನಾ ಒಂದು ಲೋಟ ಕುಡಿಯುತ್ತಾಳೆ. ಜುಬೇದಾ ಕರಿಚಹಾ ಕುಡಿಯುತ್ತಾಳೆ, ಕೇಳಿದರೆ ಪಿತ್ತ ಅನ್ನುತ್ತಾಳೆ.

ಇವತ್ತು ಜಾಹೀದಾ ಕೇಳಿದಳು, "ಅಬ್ಬಾ, ಹತ್ತು ದಿನಕ್ಕ ಏನ್ ಸಿದ್ಧ ಆಕ್ಕೈತಿ? ಹೋಲಿಸಿ ನೋಡಾಕ ಬ್ಯಾರೆ ಕಾಳು ತಿನ್ನೂ ಇನ್ನೊಂದು ಎಮ್ಮಿ ಬೇಕಿತ್ತಲ್ಲ?" ಒಂದಕ್ಕೇ ಮೇವು ಹೊಂಚುವುದರಲ್ಲಿ ಸಾಕಾಗಿದೆ, ಎರಡನೆಯದನ್ನು ನಿನ್ನ ಮಾವನ ಮನೆಯಿಂದ ತರುತ್ತೀಯಾ ಎಂದೆ. ನಾಚಿ ಒಳಗೆ ಹೋದಳು.

೧೧ ಡಿಸೆಂಬರ್, ಶುಕ್ರವಾರ

ಜುಮ್ಮಾ ನಮಾಜು ಮುಗಿಸಿ ಹಾಲಿನ ಕ್ಯಾನು ಹಿಡಿದು ಹುಣಸಿಕೊಪ್ಪಕ್ಕೆ ಹೋದೆ. ಕಟ್ಟೆಯ ಮೇಲೆ ನಿಂತು ಎಲ್ಲರೆದುರು ಎರಡು ಲೋಟ ಕುಡಿದೆ. ಆಮೇಲೆ ಬರೆದು ತಂದಿದ್ದ ಪ್ರಮಾಣಪತ್ರ ಓದಿದೆ. ಸದರಿ ಪ್ರಯೋಗದ ಹತ್ತಿಕಾಳು ತಿಂದ ಎಮ್ಮೆಯ ಹಾಲನ್ನು ನಾನು ಮತ್ತು ನನ್ನ ಮಗಳು ಕು. ಜಾಹೀದಾ ಹತ್ತು ದಿನ ಸೇವಿಸಿದ್ದು, ಆರೋಗ್ಯದಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ. ಕೆಳಗೆ ಸಹಿ, ಕಚೇರಿಯ ಶಿಕ್ಕಾ. ಪಂಚಾಯ್ತಿ ಗೋಡೆಗೆ ನಾನೇ ಅಂಟು ಸವರಿ ಹಚ್ಚಿದೆ.

ಜನ ಎಷ್ಟು ಖುಷಿಯಾಗಿದ್ದರೆಂದರೆ, ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಫಕ್ಕೀರವ್ವ "ಸಾಹೇಬ್ರು ಭಾಳ ಛಲೋ ಮನುಷ್ಯಾರ" ಎಂದಳು. ಸೋಮಣ್ಣ ಮಾತ್ರ ತಲೆ ಎತ್ತಲಿಲ್ಲ, ಸಂಕೋಚದ ಮನುಷ್ಯ. ವರದಿಯಲ್ಲಿ "ಪೂರ್ಣ ಯಶಸ್ವಿ" ಎಂದು ಬರೆದೆ. ಇಪ್ಪತ್ತೆರಡು ವರ್ಷದಲ್ಲಿ ಇದೊಂದು ಸಲ ನಿಜ ಬರೆದೆನಲ್ಲ ಎಂದು ಬಹಳ ಸಮಾಧಾನ.

೧೭ ಡಿಸೆಂಬರ್, ಗುರುವಾರ

ಬ್ಯಾಡಗಿಯಿಂದ ಯೂಸುಫಸಾಬರು ತಾಯಿ ಅಮೀರಬಿಯವರನ್ನು ಕರೆದುಕೊಂಡು ಬಂದಿದ್ದರು. ಚಹಾ ಕೊಟ್ಟೆವು. ಹೊಟ್ಟೆ ಸರಿಯಿಲ್ಲ ಎಂದು ಅವರು, ಈಗ ತಾನೇ ಕುಡಿದು ಬಂದೆ ಎಂದು ಅಮೀರಬಿ. ಎರಡು ಕಪ್ಪೂ ಕೆನೆಗಟ್ಟಿ ಅಲ್ಲೇ ಕೂತವು.

ಬಹಳ ಹೊತ್ತು ಮೆಣಸಿನಕಾಯಿ ದರ ಮಾತಾಡಿದ ಮೇಲೆ ಯೂಸುಫಸಾಬರು ಹೇಳಿದರು, "ಹುಣಸಿಕೊಪ್ಪದ ರೈತರು ನಮ್ಮ ಅಂಗಡಿಗೆ ಮಾಲು ತಂದಿದ್ರು. ನಿಮ್ಮ ಸಹಿ ಇರೋ ಕಾಗದ ಗ್ವಾಡಿಗೆ ಹಚ್ಚ್ಯಾರಂತ. ಅದರಾಗ ಹುಡಿಗಿ ಹೆಸರೂ ಐತಂತ."

"ಹಾನಿ ಇಲ್ಲ ಅಂತ ಬರದದ್ದಲ್ರಿ ಬೀಗರ."

"ಹಾನಿ ಇಲ್ಲ ಅಂತ ಬರಿಯೂದು ಯಾವಾಗ್ರಿ, ಏನರ ಇದ್ದಾಗ. ನಾನು ನನ್ನ ಮೆಣಸಿನಕಾಯಿ ಚೀಲದ ಮ್ಯಾಲೆ ವಿಷ ಇಲ್ಲ ಅಂತ ಬರಿಯಂಗಿಲ್ಲ."

ನಾನು ಬ್ಯಾಕ್ಟೀರಿಯಾದಿಂದ ಶುರುಮಾಡಿದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು. ಹೊರಡುವಾಗ, "ರಮಜಾನ್ ಮುಗೀಲಿ. ತಾರೀಖಿಂದು ಆಮ್ಯಾಲೆ ನೋಡೂಣು," ಎಂದರು. ಗೊತ್ತಾದ ತಾರೀಖನ್ನು ಆಮೇಲೆ ಏನು ನೋಡುವುದು?

೧೮ ಡಿಸೆಂಬರ್, ಶುಕ್ರವಾರ

ಜಾಹೀದಾ ನಿನ್ನೆಯ ಕಪ್ಪುಗಳನ್ನು ತೊಳೆಯುವಾಗ, ಮೆಹಬೂಬ ಬಂದಿರಲಿಲ್ಲವೇ ಎಂದು ತನ್ನ ಅಮ್ಮನನ್ನು ಕೇಳಿದಳಂತೆ. ಬಜಾರಿನ ಎಸ್‌ಟಿಡಿ ಅಂಗಡಿಯಿಂದ ಆ ಹುಡುಗನ ಜೊತೆ ಒಂದೆರಡು ಸಲ ಮಾತಾಡಿದ್ದಾಳೆ, ನನಗೆ ಗೊತ್ತಿಲ್ಲ ಎಂದು ತಿಳಿದಿದ್ದಾಳೆ. ಅವಳಿಗೆ ಅವನ ಮೇಲೆ ಮನಸ್ಸಾಗಿದೆ. ಇದನ್ನು ಬರೆಯಲು ತಂದೆಗೆ ಸಂಕೋಚವೇ. ಈ ಲಗ್ನ ಮುರಿದರೆ ಅವಳೂ ಮುರಿಯುತ್ತಾಳೆ, ಮುರಿದವನು ನಾನಾಗುತ್ತೇನೆ.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುತ್ತದೆಯೇ.

೩ ಜನವರಿ ೧೯೯೯, ಭಾನುವಾರ

ಕೇಳಿದರೆ ಹೇಳುವವರಿಲ್ಲ, ನಾನೇ ಬ್ಯಾಡಗಿಗೆ ಹೋದೆ. ರೋಜಾ ಉಪವಾಸದ ಒಣ ಬಾಯಿ, ಮೆಣಸಿನಕಾಯಿಯ ಘಾಟು. ಮಾತಿಗಿಂತ ಕೆಮ್ಮಿದ್ದೇ ಹೆಚ್ಚು.

ಈ ಸಲ ಮಾತಾಡಿದವರು ಅಮೀರಬಿ. "ನಮಗ ನಿಮ್ಮ ಮ್ಯಾಲೆ ಬ್ಯಾಸರಿಲ್ಲಪ್ಪಾ. ಹುಡಿಗಿ ಬಂಗಾರದಂಥಾಕಿ. ಹಾವೇರಿಗೆ ಹೋಗಿ ಹೆಣ್ಣ ಡಾಕ್ಟರಿಗೆ ತೋರಿಸಿ ಒಂದು ಚೀಟಿ ಬರಸ್ಕೊಂಡು ಬಾ. ಮಕ್ಕಳಾಗ್ತಾವ ಅಂತ ಅವರು ಬರದ ಕೊಟ್ರ ಆತು."

ಮೈ ಉರಿದುಹೋಯಿತು. ನನ್ನ ಮಗಳು ಸಂತೆಗೆ ಹೊಡೆದ ಮಣಕವಲ್ಲ ಎಂದು ಹೇಳಬೇಕಿತ್ತು. "ನೋಡೂಣ್ರಿ," ಎಂದು ಎದ್ದು ಬಂದೆ. ಬಸ್ಸಿನಲ್ಲಿ ರಾಣೆಬೆನ್ನೂರಿನವರೆಗೂ ಹೇಳಬೇಕಾಗಿದ್ದ ಮಾತನ್ನು ಮನಸ್ಸಿನಲ್ಲೇ ಚೆನ್ನಾಗಿ ಹೇಳುತ್ತ ಬಂದೆ.

೪ ಜನವರಿ, ಸೋಮವಾರ

ಕಾಗದದಿಂದ ಕೆಟ್ಟದ್ದನ್ನು ಕಾಗದದಿಂದಲೇ ಸರಿಮಾಡಬೇಕು. ಕಚೇರಿಯಲ್ಲಿ ಎರಡನೆಯ ಪ್ರಮಾಣಪತ್ರ ಬರೆದೆ. ಸದರಿ ಎಮ್ಮೆಗೆ ಪ್ರಯೋಗದ ಹತ್ತಿಕಾಳು ತಿನ್ನಿಸಿರುವುದಿಲ್ಲ, ತಿನ್ನಿಸಿದ್ದು ಪೇಟೆಯ ಸಾದಾ ಹತ್ತಿಕಾಳು. ಹಿಂದಿನ ಪತ್ರ ಕಣ್ತಪ್ಪಿನಿಂದ ಆಗಿರುತ್ತದೆ. ಸಹಿ, ಶಿಕ್ಕಾ.

ಮಗಳ ಬದುಕಿನ ಮುಂದೆ ಒಂದು ಸಾಲು ಸುಳ್ಳು ಎಷ್ಟರದು? ಸೋಮಣ್ಣನ ಸಾಕ್ಷಿ ಸಹಿಯೂ ಇದ್ದರೆ ಗಟ್ಟಿ.

೬ ಜನವರಿ, ಬುಧವಾರ

ಸೋಮಣ್ಣ ಹೊಲದ ಬದುವಿನ ಮೇಲೆ ಕೂತು ಕಾಗದವನ್ನು ಎರಡು ಸಲ ಓದಿದ. ಮುಖ ಸಣ್ಣಗೆ ಮಾಡಿಕೊಂಡು ಕೇಳಿದ, "ನಿಮಗ ಯಾರು ಹೇಳಿದ್ರು ಸಾಹೇಬ್ರ?"

"ಏನನ್ನ?"

"ಇದನ್ನ. ಪ್ಯಾಟಿ ಕಾಳು ಅನ್ನೂದನ್ನ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಕಂಪನಿ ಕಾಳು ಅಟ್ಟದ ಮ್ಯಾಲೆ ಹಾಂಗ ಅದಾವ್ರಿ. ನಿಮಗ ತಂದು ಕೊಟ್ಟದ್ದು ಅಂಗಡಿದು. ಮನ್ಯಾಗ ಲಗ್ನದ ಹುಡಿಗಿ ಅದಾಳ, ಸಾಹೇಬ್ರು ಹುಂಬತನಾ ಮಾಡ್ತಾರಂತ ನಾವೂ ಮಾಡೂದೇನು? ಫಕ್ಕೀರವ್ವನ್ನ ಕೇಳಿದೆ. ಆಕಿನೂ ಅಂಗಡಿದ ಕೊಡು ಅಂದ್ಲು."

"ಊರಾಗ ಮತ್ಯಾರಿಗೆ ಗೊತ್ತೈತಿ?"

"ನಿಮ್ಮ ಮರ್ಯಾದಿ ಹೋಗಬಾರದಂತ ಊರ ಹೊರಗ ಯಾರೂ ಬಾಯಿ ಬಿಟ್ಟಿಲ್ಲ. ಊರಾಗ ನಿಮಗೊಬ್ಬರಿಗೆ ಬಿಟ್ಟು ಎಲ್ಲಾರಿಗೂ ಗೊತ್ತಿತ್ರಿ."

ಹಾಗಾದರೆ ಅವತ್ತು ನಾನು ಕಟ್ಟೆಯ ಮೇಲೆ ಕುಡಿದದ್ದು ಬರೀ ಹಾಲು. ಹೆಂಗಸರು ಸೆರಗಿನಲ್ಲಿ ನಕ್ಕದ್ದು ಅದಕ್ಕೆ. "ನಿನ್ನ ಹೊಲದಾಗ ನೀನ ಬೆಳದಿಯಲ್ಲೋ, ಅಂಥಾದ್ದು ಅದರ ಮ್ಯಾಲೆ ನಿನಗ ನಂಬಿಗಿ ಇಲ್ಲೇನು?" ಎಂದು ರೇಗಿದೆ. "ಬೆಳಿಯೂದು ಬ್ಯಾರೆ, ನಿಮ್ಮ ಮನಿಗೆ ಕೊಡೂದು ಬ್ಯಾರೆ," ಎಂದು ಸಹಿ ಹಾಕಿ ಕೊಟ್ಟ.

ನಿಜವೆಂದು ಎದೆ ತಟ್ಟಿ ಬರೆದದ್ದು ಸುಳ್ಳಾಗಿತ್ತು. ಸುಳ್ಳೆಂದು ಅಂಜುತ್ತ ಬರೆದದ್ದು ನಿಜವಾಯಿತು. ನಗಬೇಕೋ ಅಳಬೇಕೋ ತಿಳಿಯದೆ ಸೈಕಲ್ ಹತ್ತಿದೆ. ಒಂದು ಮಾತು ಮಾತ್ರ ಒಪ್ಪಬೇಕು, ನಾನು ಮಗಳ ಬಗ್ಗೆ ಯೋಚಿಸದಿದ್ದಾಗ ಇವರು ಯೋಚಿಸಿದ್ದರು.

೮ ಜನವರಿ, ಶುಕ್ರವಾರ

ನಿಜ ಕಿಸೆಯಲ್ಲಿಟ್ಟುಕೊಂಡು ಧೈರ್ಯದಿಂದ ಬ್ಯಾಡಗಿಗೆ ಹೋದೆ. ಮೆಹಬೂಬ ಗಲ್ಲೆಯ ಹತ್ತಿರ ಕೂತು ಕೇಳುತ್ತಿದ್ದ. ಯೂಸುಫಸಾಬರು ಪತ್ರ ಓದಿ, ಗಾದಿಯ ಕೆಳಗಿನಿಂದ ಇನ್ನೊಂದು ಪತ್ರ ತೆಗೆದು ಪಕ್ಕಕ್ಕೆ ಇಟ್ಟರು. ನನ್ನ ಮೊದಲನೆಯ ಪ್ರಮಾಣಪತ್ರ. ಹಿಂದೆ ಪಂಚಾಯ್ತಿ ಗೋಡೆಯ ಸುಣ್ಣ ಅಂಟಿಕೊಂಡಿತ್ತು.

"ಇದರ ಮ್ಯಾಲೂ ಶಿಕ್ಕಾ, ಅದರ ಮ್ಯಾಲೂ ಶಿಕ್ಕಾ. ಸಹಿ ಎರಡೂ ನಿಮ್ಮವ. ಯಾವುದು ಖರೇ ಬೀಗರ?"

"ಎರಡನೇದು."

"ಮೊದಲನೇದು ಬರದಾಗೂ ಖರೇನ ಅಂದಿದ್ರಲ್ಲ."

ಒಂದು ಮೆಣಸಿನಕಾಯಿ ಮುರಿದು, ಮೂಸಿ, ನನ್ನ ಮುಂದೆ ಹಿಡಿದರು. "ಇದನ್ನ ಮೂಸಿ ಯಾವ ಊರಿಂದು ಅಂತ ಹೇಳ್ತೀನಿ. ಕಾಗದಕ್ಕ ವಾಸನಿ ಇರೂದಿಲ್ಲ, ನಾ ಏನ್ ಮಾಡ್ಲಿ? ಆ ಚೀಟಿ ಒಂದು ತಂದುಬಿಡ್ರಿ, ಅವ್ವಗೂ ಸಮಾಧಾನ."

ಸೋಮಣ್ಣನ ಸಹಿಯನ್ನು ಅವರು ನೋಡಲೂ ಇಲ್ಲ.

೯ ಜನವರಿ, ಶನಿವಾರ

ಹಾವೇರಿಯಿಂದ ಮತ್ತೊಂದು ಸುತ್ತೋಲೆ. ಹಾನಿಯಿಲ್ಲವೆಂದು ತಜ್ಞರು ತಿಳಿಸಿದ್ದಾರೆ, ಇದನ್ನು ಜನರಿಗೆ ಮುಟ್ಟಿಸಿ. ಈ ಸಲ ಎಲ್ಲ ಸಾಲೂ ಸ್ಪಷ್ಟವಾಗಿ ಕಾಣುತ್ತದೆ. ಬರೆದವರು ಯಾರ ಮಾತು ಕೇಳಿ ಬರೆದರೋ. ಫೈಲಿಗೆ ಹಾಕಿದೆ.

ಈ ಸೋಮಣ್ಣನ ಮಾತಿಗೂ ಏನು ಆಧಾರ? ಚೀಲ ಅದಲುಬದಲಾಗಿರಬಹುದು. ಅಂಗಡಿಯದು ಎಂದು ನನ್ನ ಸಮಾಧಾನಕ್ಕೆ ಹೇಳಿರಬಹುದು, ಹಳ್ಳಿಯ ಜನ ಎದುರಿಗಿದ್ದವರ ಮನಸ್ಸು ನೋಯಿಸುವುದಿಲ್ಲ. ಎರಡು ದಿನದಿಂದ ಪಕ್ಕದ ಮನೆಯ ಜಯವ್ವನ ಹತ್ತಿರ ಹಾಲು ತರಿಸುತ್ತಿದ್ದೇನೆ. ನಮ್ಮ ಎಮ್ಮೆಯ ಹಾಲು ಯಾಕೋ ತೆಳುವಾಗಿದೆ. ಜುಬೇದಾ ಹಾಗೇನಿಲ್ಲ ಅನ್ನುತ್ತಾಳೆ. ಅವಳೂ ಈಗ ನಮ್ಮ ಎಮ್ಮೆಯ ಹಾಲಿನ ಚಹಾವನ್ನೇ ಕುಡಿಯುತ್ತಿದ್ದಾಳೆ, ಸೋಮಣ್ಣನ ಮಾತು ಕೇಳಿದ ದಿನದಿಂದ.

ಇಫ್ತಾರ್ ಆದ ಮೇಲೆ ಜಾಹೀದಾಳಿಗೆ ಚೀಟಿಯ ಮಾತು ಹೇಳಿದೆ. ನಮಗೆ ಏನೂ ಅನುಮಾನವಿಲ್ಲ, ಅವರ ಬಾಯಿ ಮುಚ್ಚಿಸಬೇಕು, ಅಷ್ಟೇ ಎಂದೆ.

"ನೀವ ಕರಕೊಂಡು ಹೋಗ್ತೀರೇನು?"

"ಹೂಂ. ಸೋಮವಾರ."

"ಆತು," ಎಂದಳು. ಇಷ್ಟು ಸುಲಭವಾಗಿ ಒಪ್ಪುತ್ತಾಳೆಂದು ನಾನು ತಿಳಿದಿರಲಿಲ್ಲ. ತಿಳಿವಳಿಕೆಯುಳ್ಳ ಹುಡುಗಿ.

೧೧ ಜನವರಿ, ಸೋಮವಾರ

ಹಾವೇರಿಯಲ್ಲಿ ನಮ್ಮ ಗುರುತಿನವರು ಯಾರೂ ಸಿಗಲಿಲ್ಲ, ಅದೊಂದು ಪುಣ್ಯ. ಬಸ್ಸಿನಲ್ಲಿ ಜಾಹೀದಾ ಕಿಟಕಿಯ ಕಡೆ ಕೂತಿದ್ದಳು. ಆಗಾಗ ತಿರುಗಿ ನನ್ನ ಮುಖ ನೋಡುತ್ತಿದ್ದಳು. ದವಾಖಾನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೂ ಹಾಗೇ ನಿಂತು ನೋಡಿದಳು. ಅಂಜಿರಬೇಕೆಂದು, "ಐದು ಮಿನಿಟಿನ ಕೆಲಸ, ನಡಿ," ಎಂದೆ.

ಡಾಕ್ಟರಮ್ಮ ಕಥೆ ಕೇಳಿ ಪೆನ್ನು ಕೆಳಗಿಟ್ಟರು. "ಕೃಷಿ ಇಲಾಖೆದವರು ನೀವ ಹಿಂಗ ಅಂದ್ರ ಹ್ಯಾಂಗ್ರಿ?" ನಾನು, ನಮಗಲ್ಲ, ಬೀಗರಿಗೆ ಬೇಕು ಎಂದೆ. ಮಕ್ಕಳಾಗುತ್ತವೆ ಎಂದು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ ಎಂದು ಬೈದು, ಅವಳನ್ನು ಒಳಗೆ ಕರೆದುಕೊಂಡು ಹೋದರು. ಮುಕ್ಕಾಲು ತಾಸು. ನಾನು ಹೊರಗೆ ಬೆಂಚಿನ ಮೇಲೆ ಕೂತು ನೆನಪಿದ್ದ ದುವಾ ಎಲ್ಲ ಓದಿದೆ.

ಕೊನೆಗೆ ಚೀಟಿ ಬಂತು. ತಪಾಸಣೆ ಮಾಡಲಾಗಿದೆ, ಆರೋಗ್ಯವಂತಳು, ಯಾವ ದೋಷವೂ ಕಾಣುವುದಿಲ್ಲ. ಜಗಲಿಯಲ್ಲಿ ನಿಂತು ಓದಿದೆ. ಮತ್ತೊಮ್ಮೆ ಓದಿದೆ. ಅಲ್‌ಹಮ್ದುಲಿಲ್ಲಾ ಎಂದು ಬಾಯಿಂದ ಬಂದುಬಿಟ್ಟಿತು, ಕಣ್ಣಲ್ಲಿ ನೀರೂ ಬಂತು. ತಲೆ ಎತ್ತಿದರೆ ಜಾಹೀದಾ ರಕ್ತ ತೆಗೆದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಅಬ್ಬಾ, ಮೆಹಬೂಬ ಅವರು ಶನಿವಾರ ಮಧ್ಯಾಹ್ನನ ಫೋನಿನ್ಯಾಗ ಹೇಳಿದ್ರು. ಚೀಟಿ ಕೇಳಿದ್ರ ಈ ಲಗ್ನಾನ ಬ್ಯಾಡ ಅಂತ ಮನ್ಯಾಗ ಹಟಾ ಹಿಡದ ಕುಂತಾರಂತ. ಅವರ ಅಪ್ಪಾನೂ ಒಪ್ಯಾರ. ಚೀಟಿ ಬ್ಯಾಡ, ತಾರೀಖು ಮೊದಲಿನದ ಇರ್ಲಿ ಅಂದಾರ."

"ಶನಿವಾರ? ಮತ್ತ ನನಗ ಯಾಕ ಹೇಳಲಿಲ್ಲ? ಇಲ್ಲಿ ತನಕ ಯಾಕ ಬಂದಿ?"

"ಅವರು ಬ್ಯಾಡ ಅಂದ್ರು. ನೀವೂ ಬ್ಯಾಡ ಅಂತೀರೇನೋ ಅಂತ ನೋಡಾಕ ಬಂದೆ. ಬಸ್ಸಿನ್ಯಾಗ ನೋಡಿದೆ. ಬಾಗಲದಾಗ ನೋಡಿದೆ."

ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಎಲ್ಲ ನಿನ್ನ ಒಳ್ಳೆಯದಕ್ಕೇ ಎಂದೆ. ಹೌದು ಎಂದು ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಬರುವಾಗ ಬಸ್ಸಿನಲ್ಲಿ ಮುಂದೆ ಹೆಂಗಸರ ಸೀಟಿಗೆ ಹೋಗಿ ಕೂತಳು. ಲಗ್ನ ಹತ್ತಿರ ಬಂದಾಗ ಹುಡುಗಿಯರು ಹೀಗೇ.

ಬ್ಯಾಡಗಿಯವರಿಗೆ ಚೀಟಿ ಬೇಡವಂತೆ. ಆದರೂ ನಾಲ್ಕು ಮಡಿಕೆ ಮಾಡಿ ಒಳಕಿಸೆಯಲ್ಲಿ ಇಟ್ಟುಕೊಂಡಿದ್ದೇನೆ. ಯಾವುದಕ್ಕೂ ಇರಲಿ.